ಮರ ಕೊಳೆಸುವ ಅಣಬೆ ವಿಷದ ಕಡೆ ತಿರುಗಿದ ಕಥೆ

ಎಂಡೋಸಲ್ಫಾನ್ ಅಂದರೆ ಎಲ್ಲರಿಗೂ ಕಾಸರಗೋಡು ನೆನಪಾಗುತ್ತದೆ. ಆದರೆ ಗೇರು ತೋಟಗಳಿಗೆ ಹೊಡೆದ ಆ ಕೀಟನಾಶಕದಿಂದ ನರಳಿದವರು ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆಯೂ ಇದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತು. ಸರಿ, ಇಂಥ ವಿಷ ಮಣ್ಣಿಗೆ ಬಿದ್ದ ಮೇಲೆ ಅದನ್ನು ಒಡೆಯುವವರು ಯಾರು? ಕೆಲವು ಅಣಬೆಗಳಿಗೆ ಆ ಕೆಲಸ ಬರುತ್ತದೆ.

ಇದು ಗೊತ್ತಾದದ್ದು ಮರದ ಅಧ್ಯಯನದಿಂದ. ಶಿರಸಿ ಕಾಡಿನಲ್ಲಿ ಬಿದ್ದ ಮರ ಕೆಲವೊಮ್ಮೆ ಬೆಳ್ಳಗೆ, ನಾರುನಾರಾಗಿ ಕುಂಬಾಗುತ್ತದಲ್ಲ, ಅದು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನನ್ನು ತೆಗೆದುಹಾಕುವ ಅಣಬೆಗಳ ಕೆಲಸ. ಲಿಗ್ನಿನ್ ಮಹಾ ಹಟಮಾರಿ. ಅಣುವೂ ದೊಡ್ಡದು, ಜೋಡಣೆಯೂ ಅಡ್ಡಾದಿಡ್ಡಿ. ಒಳಗೆಳೆದುಕೊಂಡು ಅರಗಿಸಲು ಆಗುವುದಿಲ್ಲ, ಹಾಗಾಗಿ ಅಣಬೆ ತನ್ನ ಕಿಣ್ವಗಳನ್ನೇ ಹೊರಗೆ ಬಿಡುತ್ತದೆ. ಅಂಥದ್ದೊಂದು ಕಿಣ್ವ, ಲಿಗ್ನಿನ್ ಪೆರಾಕ್ಸಿಡೇಸ್, 1983ರಲ್ಲಿ ಅಮೆರಿಕದ ಎರಡು ತಂಡಗಳಿಗೆ ಸಿಕ್ಕಿತು. ಅಣಬೆಯ ಹೆಸರು ಫನೆರೋಕೀಟೆ ಕ್ರೈಸೋಸ್ಪೋರಿಯಂ. ಹೈಡ್ರೋಜನ್ ಪೆರಾಕ್ಸೈಡ್ ಜೊತೆಗಿದ್ದರೆ ಈ ಕಿಣ್ವ ಎದುರಿನ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಆಮೇಲೆ ಆ ಅಣು ನಿಲ್ಲಲಾರದೆ ಒಡೆಯುತ್ತದೆ. ಯಾವ ಅಣು, ಏನು ಅಂತ ಜಾಸ್ತಿ ವಿಚಾರಿಸುವುದಿಲ್ಲ.

ಹಾಗಾದರೆ ವಿಷವನ್ನೂ ಬಿಡಲಿಕ್ಕಿಲ್ಲ, ಅಲ್ವಾ? ಅಮೆರಿಕದ ವಿಜ್ಞಾನಿಗಳಾದ ಬಂಪಸ್, ಆಸ್ಟ್ ಮತ್ತು ಜೊತೆಗಾರರು 1985ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದನ್ನೇ ತೋರಿಸಿದರು. ಇದೇ ಅಣಬೆ ಡಿಡಿಟಿ, ಲಿಂಡೇನ್ ಎಂಬ ಕೀಟನಾಶಕಗಳನ್ನೂ ಕೈಗಾರಿಕೆಯಿಂದ ಬರುವ ವಿಷಗಳಾದ ಪಿಸಿಬಿ, ಡಯಾಕ್ಸಿನ್‌ಗಳನ್ನು ಒಡೆದು, ಒಂದಷ್ಟನ್ನು ಕಾರ್ಬನ್ ಡೈಆಕ್ಸೈಡ್‌ವರೆಗೂ ಒಯ್ದಿತ್ತು. ಮುಂದೆ 1996ರಲ್ಲಿ ಎಂಡೋಸಲ್ಫಾನ್ ಮೇಲೂ ಪ್ರಯೋಗವಾಯಿತು. ಅದನ್ನೂ ಒಡೆಯಿತು, ಆದರೆ ಒಂದು ದಾರಿಯಲ್ಲಿ ಹುಟ್ಟುವುದು ಎಂಡೋಸಲ್ಫಾನ್ ಸಲ್ಫೇಟ್. ಅದೂ ವಿಷವೇ, ಮಣ್ಣಿನಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುವಂಥದ್ದು. 'ಅಣಬೆ ವಿಷ ತಿನ್ನುತ್ತದೆ' ಅಂತ ಸುಮ್ನೆ ಕುಣಿಯುವವರು ಇದನ್ನು ಹೇಳುವುದೇ ಇಲ್ಲ.

ನಿಜವಾಗಿ ಅದು ವಿಷವನ್ನು ತಿಂದು ಬದುಕುವುದೂ ಇಲ್ಲ. ಹೊಟ್ಟೆಗೆ ಹುಲ್ಲೋ, ಮರದ ಪುಡಿಯೋ ಬೇಕು. ಪ್ರಯೋಗಾಲಯದ ಗಾಜಿನ ಪಾತ್ರೆಯಲ್ಲಿ ಅದರದ್ದೇ ರಾಜ್ಯ. ಬಯಲಿಗೆ ಬಂದರೆ ಮಣ್ಣಿನಲ್ಲಿ ಮೊದಲೇ ಬೇರೂರಿದ ಸೂಕ್ಷ್ಮಜೀವಿಗಳ ಜೊತೆ ಗುದ್ದಾಡಬೇಕು. ಗುಡ್ಡದ ಮೇಲಿನ ಎಕರೆಗಟ್ಟಲೆ ಗೇರು ತೋಟಕ್ಕೆ ಹುಲ್ಲು ಹೊತ್ತು, ಮಣ್ಣು ಮಗುಚಿ, ನಮ್ಮ ಮಳೆಯಲ್ಲಿ ಕಾಯುವುದು ಸುಲಭದ ಮಾತಲ್ಲ. ಒಂದೇ ಕಡೆ ರಾಶಿ ಹಾಕಿದ ಕೆಟ್ಟ ಮಣ್ಣಿಗಾದರೆ ಈ ದಾರಿ ಹೊಂದೀತು ಅಂತ ನನಗನಿಸುತ್ತದೆ.

ಅಡಿಕೆ ತೋಟದವರು ಕೇಳುವುದು ಬೇರೆ: ಕೊಳೆರೋಗಕ್ಕೆ ವರ್ಷವರ್ಷ ಹೊಡೆದ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣದ ಮಿಶ್ರಣ) ತಾಮ್ರವೂ ಹೋಗುತ್ತದಾ? ಇಲ್ಲ. ತಾಮ್ರ ಮೂಲವಸ್ತು, ಯಾವ ಕಿಣ್ವಕ್ಕೂ ಒಡೆಯುವುದಿಲ್ಲ. ಅಣಬೆ ಸ್ವಲ್ಪ ಹೀರಿಕೊಳ್ಳಬಹುದು ಅಷ್ಟೇ, ಹಾಗಾಗಿ ಅಂಥ ಮಣ್ಣಿನಲ್ಲಿ ಎದ್ದ ಅಣಬೆಯನ್ನು ಅಡುಗೆಗೆ ತರುವುದು ಬೇಡ.