ಪದ ಪರಿಚಯ: ಗ್ಯಾಸ್ ಗುಳಿಗೆ

ನಮ್ಮ ಕೊಪ್ಪಳ, ಗಂಗಾವತಿ ಕಡೆ ಔಷಧಿ ಅಂಗಡಿಯಲ್ಲಿ ‘ಗ್ಯಾಸ್ ಗುಳಿಗಿ ಕೊಡ್ರಿ’ ಅಂದರೆ ಸಾಕು. ಪ್ಯಾಂಟೊಪ್ರಜೋಲ್ ಪಟ್ಟಿಯಿಂದ ಎರಡು ಕತ್ತರಿಸಿ ಕೈಗಿಡುತ್ತಾರೆ. ಆದರೆ ಆ ಗುಳಿಗೆ ಗ್ಯಾಸ್ ತೆಗೆಯುವುದಿಲ್ಲ. ಅದರ ಕೆಲಸ ಹೊಟ್ಟೆಯ ಆಮ್ಲ ಕಡಿಮೆ ಮಾಡುವುದು. ಎದೆಯುರಿ, ಹುಳಿತೇಗು ಆಮ್ಲದ ಕಾಟ. ಹೊಟ್ಟೆ ಉಬ್ಬುವುದು ಬೇರೆ. ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಜೆಲ್ ಬರುತ್ತದಲ್ಲ, ಅಂಥ ಕೆಲವಕ್ಕೆ ಸಿಮೆಥಿಕೋನ್ ಬೆರೆಸಿರುತ್ತಾರೆ. ಗ್ಯಾಸಿನ ಗುಳ್ಳೆ ಒಡೆಯುವುದು ಅದು.

ಜೆಲ್ ಆಗಲೇ ಸುರಿದ ಆಮ್ಲದ ಖಾರ ಮುರಿಯುತ್ತದೆ, ಅಷ್ಟೇ. ಪ್ಯಾಂಟೊಪ್ರಜೋಲ್, ಅದರದೇ ಜಾತಿಯ ಒಮೆಪ್ರಜೋಲ್ ಆಮ್ಲ ಸುರಿಯುವುದನ್ನೇ ತಡೆಯುತ್ತವೆ. ಹೊಟ್ಟೆಯ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಂಪುಗಳಿವೆ. ಊಟ ಬಿದ್ದಾಗ ಅವು ಚಾಲೂ ಆಗುತ್ತವೆ. ಈ ಗುಳಿಗೆ ಹಿಡಿದು ನಿಲ್ಲಿಸುವುದು ಓಡುತ್ತಿರುವ ಪಂಪನ್ನು ಮಾತ್ರ. ಅದಕ್ಕೇ ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗಬೇಕು. ಆಸ್ಪತ್ರೆಯ ವಾರ್ಡಿನಲ್ಲಿ ನಾನು ಹೇಳುವುದಿಷ್ಟು: ‘ಕರೆಂಟ್ ಬರೋ ಹೊತ್ತಿಗೆ ನೀವು ಹೊಲದಾಗ ಇರಬೇಕಲ್ರಿ, ಹಂಗ.’ ಪಂಪ್‌ಸೆಟ್ ಇದ್ದವರಿಗೆ ತಟ್ಟನೆ ತಿಳಿಯುತ್ತದೆ.

‘ಖಾಲಿ ಹೊಟ್ಟೆ’ ಅನ್ನುವ ಮಾತಿಗೂ ಅರ್ಥ ಬಿಡಿಸಿ ಹೇಳಬೇಕು.

‘ಅಜ್ಜಾರ, ಖಾಲಿ ಹೊಟ್ಟಿಲೇ ತಗೊಂಡೀರೇನ್ರಿ?’

‘ಹೂನವ್ವಾ, ಖಾಲಿ ಹೊಟ್ಟಿಲೇ. ಬರೇ ಚಾ, ಎರಡು ಮಿರ್ಚಿ ಭಜಿ, ಅಷ್ಟ.’

ರೊಟ್ಟಿ ತಿಂದರೆ ಮಾತ್ರ ಊಟ ಅನ್ನುವ ಊರಲ್ಲಿ ಮಿರ್ಚಿ ಲೆಕ್ಕಕ್ಕೇ ಬರುವುದಿಲ್ಲ! ಹಾಗಾಗಿ ‘ಖಾಲಿ ಹೊಟ್ಟೆ’ ಅನ್ನುವುದನ್ನು ಬಿಟ್ಟು, ‘ಚಾಕ್ಕಿಂತ ಮೊದಲು, ಬರೀ ನೀರಿನ ಜೊತೆ’ ಅಂತಲೇ ಹೇಳುತ್ತೇನೆ.

ಈ ಗುಳಿಗೆ ಅಗಿಯಬಾರದು, ಕುಟ್ಟಬಾರದು. ಆಮ್ಲ ತಾಗಿದರೆ ಔಷಧಿಯೇ ಕೆಡುತ್ತದೆ ಅಂತ ಮೇಲೊಂದು ಲೇಪ ಇರುತ್ತದೆ. ಮೂಗಿನ ನಳಿಕೆಯಲ್ಲಿ ಊಟ ಕೊಡುವ ರೋಗಿಗೂ ಸುಮ್ನೆ ಪುಡಿ ಮಾಡಿ ಹಾಕುವಂತಿಲ್ಲ. ಬೇರೆ ರೂಪದಲ್ಲಿ ಬರೆದುಕೊಡಿ ಅಂತ ಡಾಕ್ಟರಿಗೆ ಕೇಳಬೇಕು. ಮೊದಲ ದಿನವೇ ಉರಿ ಪೂರಾ ನಿಲ್ಲಲಿಲ್ಲ ಅಂತ ಬೈಯುವವರೂ ಇದ್ದಾರೆ. ಮೂರ್ನಾಲ್ಕು ದಿನ ಬೇಕು.

ಜೆಲ್ ಕುಡಿಯುವವರಿಗೆ ಬೇರೆ ಕಿವಿಮಾತು. ಕಬ್ಬಿಣದ ಗುಳಿಗೆ ನುಂಗುವ ಬಸುರಿ ಹೆಂಗಸರು ಎರಡಕ್ಕೂ ನಡುವೆ 2 ತಾಸಾದರೂ ಬಿಡಬೇಕು. ಥೈರಾಯ್ಡ್ ಗುಳಿಗೆಯಾದರೆ 4 ತಾಸು. ಇಲ್ಲದಿದ್ದರೆ ಆ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ನಾವು ಕೇಳುವ ಇನ್ನೊಂದು ಪ್ರಶ್ನೆಗೆ ಜನ ನಾಚಿಕೊಳ್ಳುತ್ತಾರೆ: ‘ಸಂಡಾಸ ಯಾವ ಬಣ್ಣ ಆಗೈತ್ರಿ?’ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಇದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣದ ಗುಳಿಗೆಯಿಂದಲೂ ಕಪ್ಪಾಗುತ್ತದೆ, ಅದನ್ನೂ ವಿಚಾರಿಸುತ್ತೇವೆ. ಮೊಣಕಾಲು ನೋವಿಗೆ ದಿನಾ ಗುಳಿಗೆ ನುಂಗುವವರಲ್ಲಿ ಹೊಟ್ಟೆ ಹುಣ್ಣಿನ ಭಯ ಜಾಸ್ತಿ.

ಡಾಕ್ಟರು ಹೇಳಿದ್ದು 4 ವಾರವಾದರೆ, ಚೀಟಿ ಇಟ್ಟುಕೊಂಡು 4 ವರ್ಷ ನುಂಗುವವರು ಬೇಕಾದಷ್ಟಿದ್ದಾರೆ. ಅಷ್ಟು ಕಾಲ ಆಮ್ಲ ತಗ್ಗಿದ್ದರೆ ಬಿ12, ಮೆಗ್ನೀಸಿಯಂ ಕಡಿಮೆಯಾಗಬಹುದು. ಹಾಗಂತ ಒಮ್ಮೆಲೇ ಬಿಟ್ಟರೆ ಉರಿ ಕೆಲವು ದಿನ ಮೊದಲಿಗಿಂತ ಜೋರಾಗಿ ಬರಬಹುದು. ಡಾಕ್ಟರನ್ನು ಕೇಳಿ ಹಂತಹಂತವಾಗಿ ಇಳಿಸಬೇಕು.

ನನಗೆ ‘ಗ್ಯಾಸ್ ಗುಳಿಗೆ’ ಅನ್ನುವ ಈ ಹೆಸರಿನ ಮೇಲೆ ನಿಜವಾದ ಸಿಟ್ಟಿರುವುದು ಬೇರೆ ಕಾರಣಕ್ಕೆ. ಎದೆ ಹಿಂಡಿದಂತಾಗಿ, ಬೆವರು ಕಿತ್ತು, ನೋವು ಎಡಗೈಗೋ ದವಡೆಗೋ ಹಬ್ಬಿದಾಗಲೂ ಮನೆಯವರು ‘ಗ್ಯಾಸ್ ಆಗಿರಬೇಕ್ ತಗೋ’ ಅಂತ ಗುಳಿಗೆ ನುಂಗಿಸಿ ಮಲಗಿಸುತ್ತಾರೆ. ಅದು ಹೃದಯಾಘಾತ ಇರಬಹುದು. ಆಗ ಬೇಕಾದ್ದು ಗುಳಿಗೆಯಲ್ಲ, ಇಸಿಜಿ. ತಕ್ಷಣ 108ಕ್ಕೆ ಫೋನ್ ಮಾಡಿ.