ಶೇಂಗಾ ಸಿಪ್ಪೆಯ ಇದ್ದಿಲು ನಿಜಕ್ಕೂ ಅಗ್ಗವೇ?

ಶೇಂಗಾ ಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ ಕಾಲುಪಾಲು ಸಿಪ್ಪೆಯೇ. ಸುಗ್ಗಿ ಮುಗಿದ ಮೇಲೆ ಗದಗ ಸೀಮೆಯ ಶೇಂಗಾ ಗಿರಣಿಗಳ ಹಿತ್ತಲಲ್ಲಿ ಅದು ರಾಶಿ ಬೀಳುತ್ತದೆ, ಉರುವಲಾಗಿ ಹೋಗುತ್ತದೆ. ಅದರಿಂದ ಅಗ್ಗದ ಸಕ್ರಿಯ ಇಂಗಾಲ, ಅಂದರೆ ಬಣ್ಣ ಕೊಳೆ ಹೀರುವಂತೆ ಪಳಗಿಸಿದ ಇದ್ದಿಲು, ಮಾಡಿ ನೀರು ಶುದ್ಧಗೊಳಿಸಬಹುದು ಎಂಬುದು ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳ ಅಚ್ಚುಮೆಚ್ಚಿನ ಮಾತು. ಮಾತು ಸುಳ್ಳಲ್ಲ, ‘ಅಗ್ಗ’ ಎಂಬಲ್ಲಿ ಮಾತ್ರ ನನಗೆ ತಕರಾರಿದೆ.

ಇದ್ದಿಲಿನ ಈ ಹೀರುವ ಗುಣ ಗೊತ್ತಾಗಿದ್ದು ಹಿಂದೆಯೇ. 1785ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಔಷಧ ತಯಾರಕ ಲೊವಿಟ್ಸ್, ಕಂದುಗಟ್ಟಿದ ಟಾರ್ಟಾರಿಕ್ ಆಮ್ಲದ ದ್ರಾವಣವನ್ನು ಇದ್ದಿಲು ತಿಳಿಯಾಗಿಸುವುದನ್ನು ಕಂಡ. ಸಕ್ಕರೆ ಕಾರ್ಖಾನೆಗಳು ಅದನ್ನೇ ಹಿಡಿದುಕೊಂಡವು. 1900ರ ಹೊತ್ತಿಗೆ ಓಸ್ಟ್ರೆಯ್ಕೊ ಎಂಬ ಸಂಶೋಧಕ, ಕೆಂಪಗೆ ಕಾದ ಇದ್ದಿಲಿನ ಮೇಲೆ ಹಬೆ ಹಾಯಿಸಿ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳನ್ನು ಕೊರೆಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಹೀಗೆ ಪಳಗಿದ ಒಂದು ಗ್ರಾಂ ಇಂಗಾಲದ ಒಳಮೈ ಸಾವಿರ ಚದರ ಮೀಟರ್‌ವರೆಗೂ ಹರಡಿರುತ್ತದೆ. 1915ರಲ್ಲಿ ಯುದ್ಧಭೂಮಿಗೆ ವಿಷಾನಿಲ ಬಂದಾಗ ಮುಖವಾಡಗಳಿಗೆ ಇದೇ ಬೇಕಾಯಿತು. ಆ ಇಂಗಾಲ ಮಾಡಲೆಂದು 1918ರಲ್ಲಿ ಅಮೆರಿಕದ ಜನ ಪೀಚ್ ಹಣ್ಣಿನ ಓಟೆಗಳನ್ನು ಕೂಡಿಸಿಕೊಟ್ಟರು.

ಓಟೆ, ತೆಂಗಿನ ಚಿಪ್ಪು ಗಟ್ಟಿ. ಶೇಂಗಾ ಸಿಪ್ಪೆ ಹಾಗಲ್ಲ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಡಬ್ಬಿಯಲ್ಲಿ ಎರಡು ಹಿಡಿ ಸಿಪ್ಪೆ ತುಂಬಿ ಒಲೆಯ ಮೇಲಿಟ್ಟು ನೋಡಿದ್ದೇನೆ. ಹಳದಿ ಹೊಗೆ ನಿಂತ ಮೇಲೆ ಬಿಚ್ಚಿದರೆ ಬೆರಳಿಗೆ ಸಿಕ್ಕಿದ್ದೆಲ್ಲ ಪುಡಿ. ನೀಲಿ ಶಾಯಿಯ ನೀರಿಗೆ ಹಾಕಿದಾಗ ಬಣ್ಣ ಅಷ್ಟಿಷ್ಟು ತಿಳಿಯಾಯಿತು, ನೀರು ಮಾತ್ರ ಕಪ್ಪಾಯಿತು. ಸೋಸುವ ಬಟ್ಟೆ ಕಟ್ಟಿಕೊಂಡಿತು.

ಖರ್ಚು ಇರುವುದು ಈ ಪುಡಿಯನ್ನು ಪಳಗಿಸುವುದರಲ್ಲಿ. ಹಬೆಯ ದಾರಿ ಹಿಡಿದರೆ 800 ಡಿಗ್ರಿಗೂ ಮೇಲಿನ ಶಾಖ ಬೇಕು. ಫಾಸ್ಫಾರಿಕ್ ಆಮ್ಲ ಬೆರೆಸಿದರೆ 500ರ ಆಸುಪಾಸು ಸಾಕು. ಆದರೆ ಆಮ್ಲ ಹೋಗುವ ತನಕ ತೊಳೆಯಬೇಕು, ನೀರಿಗೇ ಬರ ಇರುವ ಊರಲ್ಲಿ. ಸಿಪ್ಪೆ ಪುಕ್ಕಟೆ ಎಂದು ಲೆಕ್ಕ ಬರೆಯುವವರು ಈ ಸಾಲುಗಳನ್ನು ಬಿಟ್ಟುಬಿಡುತ್ತಾರೆ.

ಇನ್ನೊಂದು ಗೊಂದಲವೂ ಇದೆ. ಮುಂಡರಗಿ ಕಡೆಯ ಕೊಳವೆಬಾವಿಗಳ ಫ್ಲೋರೈಡ್‌ಗೆ ಇದೇ ಮದ್ದು ಎನ್ನುವವರಿದ್ದಾರೆ. ಬಣ್ಣದಂಥ ದೊಡ್ಡ ಅಣುಗಳನ್ನು ಇಂಗಾಲ ಚೆನ್ನಾಗಿ ಹಿಡಿಯುತ್ತದೆ, ಫ್ಲೋರೈಡನ್ನು ಅಷ್ಟಾಗಿ ಹಿಡಿಯದು. ಅದಕ್ಕೆ ಸಕ್ರಿಯ ಅಲ್ಯುಮಿನಾ, ಅಂದರೆ ರಂಧ್ರಗಳಿರುವ ಅಲ್ಯುಮಿನಿಯಂ ಆಕ್ಸೈಡ್, ಬೇಕು. ಶೇಂಗಾ ಇದ್ದಿಲಿಗೆ ತಕ್ಕ ಕೆಲಸವಿರುವುದು ನೇಕಾರರ ಬೆಟಗೇರಿಯಲ್ಲಿ, ನೂಲಿಗೆ ಬಣ್ಣ ಹಾಕಿದ ನೀರಿನಲ್ಲಿ. ಅಲ್ಲೂ ಬಣ್ಣ ಹೀರಿದ ಪುಡಿಯನ್ನು ಕೊನೆಗೆ ಎಲ್ಲಾದರೂ ಚೆಲ್ಲಲೇಬೇಕು. ನನ್ನ ಆ ಚಿಟಿಕೆ ಪುಡಿ ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಕಟ್ಟಿಟ್ಟ ಹಾಗೆಯೇ ಇದೆ.