ಈ ಲೂಪ್ ಯಾಕೆ ನಿಲ್ಲುತ್ತದೆ?

ಬೆಂಗಳೂರಿನ ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಆಫೀಸುಗಳಲ್ಲಿ ಇಂಟರ್‌ವ್ಯೂಗೆ ಬರುವ ಹುಡುಗರಿಗೆ ಬೈನರಿ ಸರ್ಚ್ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವ ವಿಧಾನ) ಬರೆಯಿರಿ ಅಂದರೆ ಸರಸರ ಬರೆದುಬಿಡುತ್ತಾರೆ. ಅದರಲ್ಲಿ ಮತ್ತೆ ಮತ್ತೆ ನಡೆಯುವ ಸುತ್ತು, ಅಂದರೆ ಲೂಪ್, ಯಾಕೆ ನಿಲ್ಲುತ್ತದೆ ಅಂತ ಕೇಳಿದರೆ ಮಾತೇ ಹೊರಡುವುದಿಲ್ಲ. ಕೋಡ್ ಬಾಯಿಪಾಠ ಆಗಿರುತ್ತದೆ, ಅಷ್ಟೇ.

ಅಂಥವರಿಗೆ ನಾನು ಹೇಳುವುದು, ತೀರಾ ಹಳೆಯ ಅಲ್ಗಾರಿದಮ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಬಿಡಿಸುವ ವಿಧಾನದಿಂದ ಶುರು ಮಾಡಿ ಅಂತ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ 'ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್' ಪುಸ್ತಕದ 1968ರ ಮೊದಲ ಸಂಪುಟವನ್ನು ಶುರು ಮಾಡಿದ್ದೂ ಹಾಗೇ. ಅಲ್ಲಿ ಮೊದಲು ಬರುವುದು ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ಬರೆದಿಟ್ಟ ಮ.ಸಾ.ಅ. ವಿಧಾನ, ಅಂದರೆ ಎರಡು ಸಂಖ್ಯೆಗಳನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆಯನ್ನು ಹುಡುಕುವುದು.

ಪೆನ್ನು ಹಿಡಿದು ಮಾಡಿ ನೋಡಿ. 221 ಮತ್ತು 91. 221ನ್ನು 91ರಿಂದ ಭಾಗಿಸಿದರೆ ಶೇಷ 39. 91ನ್ನು 39ರಿಂದ ಭಾಗಿಸಿದರೆ ಶೇಷ 13. 39ನ್ನು 13ರಿಂದ ಭಾಗಿಸಿದರೆ ಶೇಷ 0. ಉತ್ತರ 13. ಇಷ್ಟು ಶಾಲೆಯಲ್ಲೇ ಮಾಡಿದ್ದೇವೆ, ಅಲ್ವಾ? ಅಲ್ಗಾರಿದಮ್ ಪಠ್ಯಪುಸ್ತಕ ಕೇಳುವ ಪ್ರಶ್ನೆ ಮುಂದಿನದು. ಉತ್ತರ ಯಾಕೆ ಸರಿ? 221 ಮತ್ತು 91 ಎರಡನ್ನೂ ಭಾಗಿಸುವ ಸಂಖ್ಯೆ 39ನ್ನೂ ಭಾಗಿಸಲೇಬೇಕು. 91 ಮತ್ತು 39ನ್ನು ಭಾಗಿಸುವುದು 221ನ್ನೂ ಭಾಗಿಸುತ್ತದೆ. ಹಾಗಾಗಿ ಜೋಡಿ ಬದಲಾದರೂ ಮ.ಸಾ.ಅ. ಬದಲಾಗುವುದಿಲ್ಲ. ಯಾಕೆ ನಿಲ್ಲುತ್ತದೆ? ಶೇಷ ಪ್ರತಿ ಸಲ ಚಿಕ್ಕದಾಗುತ್ತದೆ, ಸೊನ್ನೆಗಿಂತ ಕೆಳಗೆ ಹೋಗಲು ಜಾಗವಿಲ್ಲ. ಎಷ್ಟು ಹೆಜ್ಜೆ ಬೇಕು? ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಐದರಷ್ಟಕ್ಕಿಂತ ಜಾಸ್ತಿ ಆಗದು ಅಂತ ಫ್ರೆಂಚ್ ಗಣಿತಜ್ಞ ಲಾಮೆ 1844ರಲ್ಲೇ ತೋರಿಸಿದ. ಕಂಪ್ಯೂಟರ್ ಬರುವ ಎಷ್ಟೋ ಮೊದಲು!

ಈಗ ಅದೇ ಲೆಕ್ಕವನ್ನು ಹಿಂದಕ್ಕೆ ನಡೆಸಿ: 13 = 5×91 − 2×221. ಈ ಬಗೆಯ ಲೆಕ್ಕಕ್ಕೆ ಆರ್ಯಭಟ 499ರಲ್ಲಿ ಕೊಟ್ಟ ದಾರಿಯೇ ಕುಟ್ಟಕ. ಗ್ರಹಗಳ ಲೆಕ್ಕಕ್ಕೆ ಅದು ಬೇಕಾಗಿತ್ತು. 1977ರ ಆರ್‌ಎಸ್‌ಎ ಗೂಢಲಿಪಿಯಲ್ಲಿ ಸಂದೇಶ ಬಿಡಿಸಲು ಬೇಕಾದ ಖಾಸಗಿ ಕೀ ಲೆಕ್ಕ ಹಾಕುವುದೂ ಇದೇ ಉಪಾಯದಿಂದ. "ನಮ್ಮವರು ಎಲ್ಲ ಮೊದಲೇ ಕಂಡುಹಿಡಿದಿದ್ದರು" ಅಂತ ವಾಟ್ಸ್ಯಾಪ್‌ನಲ್ಲಿ ಸುಮ್ನೆ ಫಾರ್ವರ್ಡ್ ಮಾಡುವ ಬದಲು ಒಂದು ಕುಟ್ಟಕ ಲೆಕ್ಕ ಬಿಡಿಸಿದರೆ ಆರ್ಯಭಟನಿಗೂ ಮರ್ಯಾದೆ.

ಇನ್ನು ಬೈನರಿ ಸರ್ಚ್. ಕನೂತ್ ಹೇಳುವಂತೆ ಅದು ಮೊದಲು ಅಚ್ಚಾದದ್ದು 1946ರಲ್ಲಿ. ಪಟ್ಟಿ ಎಷ್ಟೇ ಉದ್ದವಿದ್ದರೂ ಸರಿಯಾಗಿ ನಡೆಯುವ ರೂಪ ಅಚ್ಚಾಗಲು 1960 ಆಯಿತು. ಅಲ್ಲಿಗೂ ಮುಗಿಯಲಿಲ್ಲ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಬರುವ ಸಿದ್ಧ ಕೋಡ್‌ನಲ್ಲಿದ್ದ ಒಂದು ದೋಷ 2006ರಲ್ಲಿ ಬಯಲಾಯಿತು. ಎರಡು ತುದಿಗಳನ್ನು ಕೂಡಿಸಿ ಅರ್ಧ ಮಾಡುವಾಗ, ಪಟ್ಟಿ ತುಂಬಾ ದೊಡ್ಡದಿದ್ದರೆ ಮೊತ್ತ 32 ಬಿಟ್‌ನಲ್ಲಿ ಹಿಡಿಸದೆ ಋಣಸಂಖ್ಯೆಯಾಗುತ್ತಿತ್ತು. ನಮ್ಮ ಹುಡುಗರು ಸರಸರ ಬರೆಯುವುದು ಇದನ್ನೇ.

ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಕೋರ್ಮನ್ ಅವರ ಅಲ್ಗಾರಿದಮ್ ಪಠ್ಯಪುಸ್ತಕದ ಹಳೇ ಪ್ರತಿ ಸಿಕ್ಕಿದರೆ ತಗೊಳ್ಳಿ, ಎಡಿಷನ್ ಹಳೆಯದಾದರೂ ಪರವಾಗಿಲ್ಲ. ಶುರುವಿನಲ್ಲೇ ಬರುವ ಇನ್ಸರ್ಷನ್ ಸಾರ್ಟ್ (ಒಂದೊಂದನ್ನೇ ಅದರ ಜಾಗದಲ್ಲಿ ಸೇರಿಸುತ್ತಾ ಪಟ್ಟಿ ಜೋಡಿಸುವ ವಿಧಾನ) ಓದಿ, ಪ್ರತಿ ಸುತ್ತಿನಲ್ಲೂ ಬದಲಾಗದೆ ಉಳಿಯುವುದು ಏನು ಅಂತ ಬರೆದಿಡಿ. ಅಧ್ಯಾಯದ ಕೊನೆಯ ಟಿಪ್ಪಣಿಗಳನ್ನು ಬಿಡಬೇಡಿ. ಪರೀಕ್ಷೆಗೆ ಬರಲ್ಲ ಅಂತ ಎಲ್ಲರೂ ಹಾರಿಸುತ್ತಾರೆ. ಯಾರು, ಯಾವಾಗ, ಯಾವ ಪ್ರಶ್ನೆ ಹಿಡಿದು ಹೊರಟರು ಅನ್ನೋದು ಇರುವುದು ಅಲ್ಲೇ.